ಸ್ವಿಚ್ ಮೂಲಕ ಜಾಲ ಸಂಗ್ರಹಣೆ: ನಿಧಾನಗತಿ ಹಾಗೂ ಸಂಪರ್ಕ ಕಡಿತದ ಕಾರಣ ಪತ್ತೆಹಚ್ಚುವ ಕ್ರಮ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕು ತೆಂಗು ಬೆಳೆಯುವ ಸೀಮೆ. ಇಲ್ಲಿನ ಮಾಡದಕೆರೆಯಂತಹ ಹೋಬಳಿ ಕೇಂದ್ರಗಳಲ್ಲಿಯೂ ವ್ಯಾಪಾರದ ಲೆಕ್ಕವು ಕೆಂಪು ರಟ್ಟಿನ ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡು ಬಹುಕಾಲವಾಗಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಈ ಬದಲಾವಣೆ ಮತ್ತಷ್ಟು ಚುರುಕಾಯಿತು. ಒಂದಕ್ಕಿಂತ ಹೆಚ್ಚು ಗಣಕಯಂತ್ರಗಳಿರುವ ಮಂಡಿ, ಎಣ್ಣೆ ಗಾಣ ಅಥವಾ ಸಣ್ಣ ಕಾರ್ಖಾನೆಯಲ್ಲಿ ಬಿಲ್ಲು, ದಾಸ್ತಾನು ಹಾಗೂ ಲೆಕ್ಕಪತ್ರಗಳನ್ನು ಎಲ್ಲರೂ ಬಳಸುವಂತೆ ಒಂದೇ ಕಡೆ ಇರಿಸುವುದು ವಾಡಿಕೆ. ಹಾಗೆ ಇರಿಸಲು ಬಳಸುವ, ಹಾರ್ಡ್ ಡಿಸ್ಕ್‌ಗಳುಳ್ಳ ಪೆಟ್ಟಿಗೆಗೆ ಮಾರುಕಟ್ಟೆಯಲ್ಲಿ 'ನ್ಯಾಸ್' ಎಂಬ ಹೆಸರಿದೆ.

ಈ ನ್ಯಾಸ್ ಸಂಪರ್ಕವು ನಿಧಾನವಾದರೆ ಅಥವಾ ನಡುವೆಯೇ ಕಡಿದುಹೋದರೆ ಆಗುವ ನಷ್ಟ ಕೇವಲ ಕಾಲಹರಣವಲ್ಲ. ಲೆಕ್ಕಪತ್ರ ತಂತ್ರಾಂಶವು ಕಡತಕ್ಕೆ ಬರೆಯುತ್ತಿರುವ ಕ್ಷಣದಲ್ಲಿಯೇ ಸಂಪರ್ಕ ಕಡಿದರೆ ಆ ಕಡತ ಕೆಡುವ ಸಂಭವವಿದೆ. ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರಿಗೆ ಪ್ರತಿ ತಿಂಗಳ 11 ಮತ್ತು 20ನೇ ತಾರೀಖುಗಳ ಗಡುವು ಇದ್ದೇ ಇರುತ್ತದೆ. ಜಿ.ಎಸ್.ಟಿ. ಕಾಯಿದೆಯ 36ನೇ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಿಕೊಳ್ಳಬೇಕು. 'ಗಣಕಯಂತ್ರ ಕೈಕೊಟ್ಟಿತು' ಎಂಬ ಸಬೂಬು ಈ ಹೊಣೆಯಿಂದ ಬಿಡುಗಡೆ ನೀಡುವುದಿಲ್ಲ.

ಸಂಪರ್ಕ ಕೆಟ್ಟಾಗ ಬಹುತೇಕ ಮಾಲೀಕರು ಮೊದಲು ಸಂಶಯಿಸುವುದು ಅತ್ಯಂತ ಬೆಲೆಬಾಳುವ ವಸ್ತುವನ್ನು, ಅಂದರೆ ನ್ಯಾಸ್ ಪೆಟ್ಟಿಗೆಯನ್ನು. ಆದರೆ ದೋಷವು ಕೆಲವೇ ರೂಪಾಯಿಗಳ ಕನೆಕ್ಟರ್‌ನಲ್ಲಿಯೋ, ಯು.ಪಿ.ಎಸ್.ಗೆ ಸೇರಿಸದೆ ಬಿಟ್ಟ ಸ್ವಿಚ್‌ನಲ್ಲಿಯೋ ಇರುವುದು ಸಾಮಾನ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಹ ಈ ದುಂದುವೆಚ್ಚವನ್ನು ತಪ್ಪಿಸಲು ಕ್ರಮಬದ್ಧ ಪರೀಕ್ಷೆಯೊಂದೇ ದಾರಿ. ಅದರ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಸಂಪರ್ಕದ ಹಾದಿ

ಇಲ್ಲಿ ಸ್ವಿಚ್ ಎಂದರೆ ದೀಪ ಹೊತ್ತಿಸುವ ಸ್ವಿಚ್ ಅಲ್ಲ. ಐದು, ಎಂಟು ಅಥವಾ ಅದಕ್ಕಿಂತ ಹೆಚ್ಚು ಪೋರ್ಟ್‌ಗಳಿರುವ, ಗಣಕಯಂತ್ರಗಳ ಕೇಬಲ್‌ಗಳೆಲ್ಲ ಬಂದು ಸೇರುವ ಚಿಕ್ಕ ಪೆಟ್ಟಿಗೆ. ಯಾವ ಪೋರ್ಟ್‌ನಲ್ಲಿ ಯಾವ ಸಾಧನವಿದೆ ಎಂಬುದನ್ನು ಅದು ತಾನೇ ಅರಿತುಕೊಂಡು, ಒಂದು ಯಂತ್ರದಿಂದ ಬಂದ ದತ್ತಾಂಶವನ್ನು ಸಂಬಂಧಪಟ್ಟ ಪೋರ್ಟ್‌ಗೆ ಮಾತ್ರ ತಲುಪಿಸುತ್ತದೆ.

ಗುಮಾಸ್ತರ ಗಣಕಯಂತ್ರದಿಂದ ಹೊರಟ ಬಿಲ್ಲು ನ್ಯಾಸ್ ಸೇರಲು ಐದು ಹಂತಗಳನ್ನು ದಾಟಬೇಕು: ಗಣಕಯಂತ್ರ, ಅದರ ಕೇಬಲ್, ಸ್ವಿಚ್, ನ್ಯಾಸ್‌ನ ಕೇಬಲ್ ಮತ್ತು ನ್ಯಾಸ್. ಕೆರೆಯಲ್ಲಿ ನೀರಿದ್ದೂ ಗದ್ದೆಗೆ ಬಾರದಿದ್ದಾಗ ರೈತನು ತೂಬಿನಿಂದ ಆರಂಭಿಸಿ ಕಾಲುವೆಯುದ್ದಕ್ಕೂ ನೋಡಿಕೊಂಡು ಬರುವಂತೆ, ಇಲ್ಲಿಯೂ ಒಂದೊಂದೇ ಹಂತವನ್ನು ಪ್ರತ್ಯೇಕಿಸಿ ನೋಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕೆಂಬುದು ಈ ಪರೀಕ್ಷೆಯ ಮುಖ್ಯ ನಿಯಮ. ಕೇಬಲ್, ಸ್ವಿಚ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ನಿವಾರಣೆಯಾದರೂ ದೋಷ ಯಾವುದರಲ್ಲಿತ್ತೆಂಬುದು ತಿಳಿಯುವುದಿಲ್ಲ.

ವಿವರಣೆಯ ಅನುಕೂಲಕ್ಕಾಗಿ ಒಂದು ಕೊಬ್ಬರಿ ಮಂಡಿಯನ್ನು ಊಹಿಸಿಕೊಳ್ಳಬಹುದು. ಕಚೇರಿಯಲ್ಲಿ ಮೂರು ಗಣಕಯಂತ್ರಗಳು, ಗೋದಾಮಿನ ತೂಕದ ಕೋಣೆಯಲ್ಲಿ ಒಂದು, ಎಂಟು ಪೋರ್ಟ್‌ಗಳ ಒಂದು ಸ್ವಿಚ್ ಹಾಗೂ ಒಂದು ನ್ಯಾಸ್ ಅಲ್ಲಿವೆ. ಎರಡು ದೂರುಗಳಿವೆ: ಒಬ್ಬ ಗುಮಾಸ್ತರ ಗಣಕಯಂತ್ರದಲ್ಲಿ ಬಿಲ್ಲು ತೆರೆಯುವುದೇ ತಡ, ದಿನಕ್ಕೆ ಎರಡು ಮೂರು ಸಲ ಎಲ್ಲರ ಸಂಪರ್ಕವೂ ಒಮ್ಮೆಗೇ ಕಡಿಯುತ್ತದೆ.

ಪರೀಕ್ಷೆಗೆ ಮುನ್ನ

ಯಾವುದೇ ಕೇಬಲ್ ಮುಟ್ಟುವ ಮೊದಲು ಎಲ್ಲರೂ ಲೆಕ್ಕಪತ್ರ ತಂತ್ರಾಂಶವನ್ನು ಮುಚ್ಚಿ, ದತ್ತಾಂಶದ ಪ್ರತಿಯೊಂದನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆದುಕೊಂಡು, ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿ, ಡಿಸ್ಕನ್ನು ಬೇರ್ಪಡಿಸಿ ಇಡತಕ್ಕದ್ದು. ನ್ಯಾಸ್‌ನಲ್ಲಿ ಎರಡು ಡಿಸ್ಕ್‌ಗಳು ಒಂದರ ಪ್ರತಿಬಿಂಬವಾಗಿ ಇನ್ನೊಂದು ಕೆಲಸ ಮಾಡುತ್ತಿದ್ದರೂ ಅದು ಪ್ರತ್ಯೇಕ ಪ್ರತಿಗೆ ಸಮನಲ್ಲ. ಒಂದು ಡಿಸ್ಕ್ ಕೆಟ್ಟರೆ ಆ ವ್ಯವಸ್ಥೆ ಕಾಯುತ್ತದೆ. ಆದರೆ ಅಳಿಸಿಹೋದ ಅಥವಾ ಕೆಟ್ಟ ಕಡತವು ಎರಡೂ ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಅಳಿಯುತ್ತದೆ, ಕೆಡುತ್ತದೆ.

ಅನಂತರ ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಎಳೆದು ಒಂದು ವಾರ ದಾಖಲೆ ಇಡಬೇಕು: ತೊಂದರೆಯಾದ ಸಮಯ, ಯಾವ ಗಣಕಯಂತ್ರ, ನಿಧಾನವೋ ಕಡಿತವೋ, ಆಗ ಬೇರೇನು ನಡೆಯುತ್ತಿತ್ತು. ವಿದ್ಯುತ್ ಹೋಗಿ ಬಂದದ್ದು, ಮೋಟಾರು ಚಾಲೂ ಆದದ್ದು, ದೊಡ್ಡ ಕಡತದ ನಕಲು ನಡೆಯುತ್ತಿದ್ದುದು ಇವೆಲ್ಲವೂ ಕೊನೆಯ ಅಂಕಣಕ್ಕೆ ಸೇರತಕ್ಕವು. ಒಂದೇ ಯಂತ್ರಕ್ಕೆ ತೊಂದರೆಯಾದರೆ ದೋಷವು ಆ ಯಂತ್ರದಲ್ಲಿ, ಅದರ ಕೇಬಲ್‌ನಲ್ಲಿ ಅಥವಾ ಅದರ ಪೋರ್ಟ್‌ನಲ್ಲಿ ಇರಬೇಕು. ಎಲ್ಲ ಯಂತ್ರಗಳಿಗೂ ಒಟ್ಟಿಗೆ ಆದರೆ ಸ್ವಿಚ್, ನ್ಯಾಸ್‌ನ ಕೇಬಲ್ ಅಥವಾ ನ್ಯಾಸ್ ಕಾರಣ. ಕಲ್ಪಿತ ಮಂಡಿಯ ಎರಡು ದೂರುಗಳು ಎರಡು ಬೇರೆ ಬೇರೆ ರೋಗಗಳೆಂಬುದು ಈ ದಾಖಲೆಯಿಂದಲೇ ಸ್ಪಷ್ಟವಾಗುತ್ತದೆ.

ನಿಧಾನಗತಿ: 11 ಮತ್ತು 110ರ ಗುಟ್ಟು

'ನಿಧಾನ' ಎಂಬುದು ಅಭಿಪ್ರಾಯ. ಪರೀಕ್ಷೆಗೆ ಅಂಕಿ ಬೇಕು. ಒಂದು ಗಿಗಾಬೈಟ್‌ಗಿಂತ ದೊಡ್ಡದಾದ ಒಂದೇ ಕಡತವನ್ನು ಗಣಕಯಂತ್ರದಿಂದ ನ್ಯಾಸ್‌ಗೆ ನಕಲು ಮಾಡಿ, ವಿಂಡೋಸ್ ತೋರಿಸುವ ವೇಗವನ್ನು ಬರೆದುಕೊಳ್ಳಬೇಕು. ಸಾವಿರಾರು ಸಣ್ಣ ಕಡತಗಳ ನಕಲು ಸಹಜವಾಗಿಯೇ ನಿಧಾನ. ಆದ್ದರಿಂದ ಅಳತೆಗೆ ಅವು ತಕ್ಕವಲ್ಲ. ವೈ-ಫೈ ಮೂಲಕವೂ ಈ ಅಳತೆ ಮಾಡಬಾರದು.

ಜಾಲದ ವೇಗವನ್ನು ಬಿಟ್‌ಗಳಲ್ಲಿಯೂ ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುವುದು ರೂಢಿ. ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ಹೀಗಾಗಿ ಗಿಗಾಬಿಟ್ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 125 ಮೆಗಾಬೈಟ್. ವ್ಯವಹಾರದಲ್ಲಿ ಸುಮಾರು 110 ದೊರೆಯುತ್ತದೆ. 100 ಮೆಗಾಬಿಟ್ ಸಂಪರ್ಕದ ಗರಿಷ್ಠ ವೇಗ 12.5 ಮೆಗಾಬೈಟ್, ವ್ಯವಹಾರದಲ್ಲಿ ಸುಮಾರು 11. ಐದು ಸಾವಿರ ಮೆಗಾಬೈಟ್‌ಗಳ ದತ್ತಾಂಶಕ್ಕೆ ಮೊದಲನೆಯದರಲ್ಲಿ ಮುಕ್ಕಾಲು ನಿಮಿಷ ಸಾಕು. ಎರಡನೆಯದರಲ್ಲಿ ಏಳೂವರೆ ನಿಮಿಷ ಬೇಕು.

ಆದ್ದರಿಂದ ನಕಲಿನ ವೇಗವು 11ರ ಸುತ್ತಮುತ್ತ ಅಲುಗಾಡದೆ ನಿಂತಿದ್ದರೆ, ಹಾದಿಯಲ್ಲಿ ಎಲ್ಲೋ ಒಂದು ಕೊಂಡಿ ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಇಳಿದಿದೆ ಎಂದು ಬಹುಮಟ್ಟಿಗೆ ನಿರ್ಧರಿಸಬಹುದು. ವಿಂಡೋಸ್‌ನ ಈಥರ್‌ನೆಟ್ ವಿವರಗಳಲ್ಲಿ 'ಲಿಂಕ್ ಸ್ಪೀಡ್' ನೋಡಿದರೆ ಗಣಕಯಂತ್ರದ ಕಡೆಯ ಕೊಂಡಿಯೂ, ನ್ಯಾಸ್‌ನ ನಿರ್ವಹಣಾ ಪುಟದಲ್ಲಿ ನೋಡಿದರೆ ಅದರ ಕಡೆಯ ಕೊಂಡಿಯೂ ತಿಳಿಯುತ್ತವೆ. ಸ್ವಿಚ್‌ನ ಪೋರ್ಟ್ ದೀಪದ ಬಣ್ಣವೂ ಸಾಮಾನ್ಯವಾಗಿ ವೇಗವನ್ನು ಸೂಚಿಸುತ್ತದೆ. ಯಾವ ಬಣ್ಣಕ್ಕೆ ಯಾವ ವೇಗ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿ ನೋಡಬೇಕು.

ಕೇಬಲ್‌ನ ನಾಲ್ಕು ಜೋಡಿಗಳು

ಜಾಲದ ಕೇಬಲ್‌ನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. 100 ಮೆಗಾಬಿಟ್ ಸಂಪರ್ಕಕ್ಕೆ ಎರಡು ಜೋಡಿಗಳು ಸಾಕು. 1999ರಲ್ಲಿ ಮಾನಕವಾದ, ತಾಮ್ರದ ಕೇಬಲ್ ಮೇಲಿನ ಗಿಗಾಬಿಟ್ ಸಂಪರ್ಕಕ್ಕೆ ನಾಲ್ಕೂ ಜೋಡಿಗಳು ಬೇಕು. ಬಳಕೆಯಾಗದಿದ್ದ ಜೋಡಿಗಳಲ್ಲಿ ಒಂದು ತಂತಿ ಇಲಿಯ ಬಾಯಿಗೆ ಸಿಕ್ಕಿಯೋ ಕನೆಕ್ಟರ್ ಸಡಿಲಗೊಂಡೋ ತುಂಡಾದರೆ ಸಂಪರ್ಕ ಪೂರ್ತಿ ನಿಲ್ಲುವುದಿಲ್ಲ. ಅನೇಕ ಸಾಧನಗಳಲ್ಲಿ ಅದು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯುತ್ತದೆ. ದೀಪ ಉರಿಯುತ್ತಲೇ ಇರುವುದರಿಂದ ಯಾರಿಗೂ ಸಂಶಯ ಬಾರದು.

ಪರೀಕ್ಷೆ ಸುಲಭ. ಚೆನ್ನಾಗಿ ಕೆಲಸ ಮಾಡುವ ಯಂತ್ರದ ಕೇಬಲ್ಲನ್ನು ನಿಧಾನವಾದ ಯಂತ್ರಕ್ಕೆ ಹಾಕಿ ಮತ್ತೆ ಅಳೆಯಬೇಕು. ವೇಗ 110ಕ್ಕೆ ಏರಿದರೆ ಹಳೆಯ ಕೇಬಲ್ ಅಥವಾ ಅದು ಸೇರಿದ್ದ ಪೋರ್ಟ್ ದೋಷಪೂರಿತ. ಬಳಿಕ ಹಳೆಯ ಕೇಬಲ್ಲನ್ನೇ ಸ್ವಿಚ್‌ನ ಬೇರೊಂದು ಪೋರ್ಟ್‌ಗೆ ಬದಲಿಸಿದರೆ ಎರಡರಲ್ಲಿ ಯಾವುದೆಂಬುದು ಇತ್ಯರ್ಥವಾಗುತ್ತದೆ. ಕಲ್ಪಿತ ಮಂಡಿಯ ಮೊದಲ ದೂರಿಗೆ ಕಾರಣ ಹೀಗೆ ಮೇಜಿನ ಕಾಲಿನಡಿ ಜಜ್ಜಿಹೋದ ಕೇಬಲ್ ಎಂದು ತಿಳಿದುಬಂದರೆ, ಪರಿಹಾರ ಒಂದು ಹೊಸ ಕೇಬಲ್ ಮಾತ್ರ.

ಕೇಬಲ್ ಕೊಳ್ಳುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದನೆಯದಾಗಿ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್‌ಗಳು ಅಗ್ಗದ ದರಕ್ಕೆ ಮಾರಾಟವಾಗುತ್ತವೆ. ಇವು ಮಾನಕಕ್ಕೆ ಅನುಗುಣವಲ್ಲ. ವಿದ್ಯುತ್ ನಿರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತವೆ. ತಂತಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಶುದ್ಧ ತಾಮ್ರವಲ್ಲ. ಎರಡನೆಯದಾಗಿ, ಕನೆಕ್ಟರ್‌ನಲ್ಲಿ 1-2, 3-6, 4-5, 7-8 ಎಂಬ ಸ್ಥಾನಗಳಿಗೆ ಒಂದೊಂದು ಹೆಣೆದ ಜೋಡಿಯೇ ಬರಬೇಕು. ಎರಡೂ ತುದಿಗಳಲ್ಲಿ ಬಣ್ಣಗಳ ಅನುಕ್ರಮ ಒಂದೇ ಆಗಿದ್ದರೂ ಜೋಡಿಗಳು ಒಡೆದುಹೋಗಿದ್ದರೆ ಸಾಮಾನ್ಯ ಟೆಸ್ಟರ್ 'ಸರಿ' ಎಂದೇ ತೋರಿಸುತ್ತದೆ. ವೇಗ ಮಾತ್ರ ಬಾರದು. ಮೂರನೆಯದಾಗಿ, ತಾಮ್ರದ ಕೇಬಲ್‌ನ ಮಿತಿ 100 ಮೀಟರ್.

ಇಕ್ಕಟ್ಟಿನ ಕೊಂಡಿಗಳು

ಕೇಬಲ್ ಸರಿಯಿದ್ದೂ ವೇಗ 11ರಲ್ಲಿಯೇ ನಿಂತಿದ್ದರೆ ನ್ಯಾಸ್ ಯಾವುದಕ್ಕೆ ಸೇರಿದೆ ಎಂದು ನೋಡಬೇಕು. ಇಂಟರ್‌ನೆಟ್ ಸಂಪರ್ಕದ ಜೊತೆ ಬರುವ ಕೆಲವು ರೂಟರ್‌ಗಳ ಪೋರ್ಟ್‌ಗಳು 100 ಮೆಗಾಬಿಟ್‌ನವು. ನ್ಯಾಸ್ ಅಂತಹ ರೂಟರ್‌ಗೆ ಸೇರಿದ್ದರೆ ಎಲ್ಲ ಯಂತ್ರಗಳೂ ಸೇರಿ ಆ 11 ಮೆಗಾಬೈಟನ್ನೇ ಹಂಚಿಕೊಳ್ಳಬೇಕಾಗುತ್ತದೆ. ನ್ಯಾಸ್ ಮತ್ತು ಗಣಕಯಂತ್ರಗಳು ಒಂದೇ ಗಿಗಾಬಿಟ್ ಸ್ವಿಚ್‌ನಲ್ಲಿರಬೇಕು. ರೂಟರ್‌ಗೆ ಆ ಸ್ವಿಚ್‌ನಿಂದ ಒಂದು ಕೇಬಲ್ ಹೋದರೆ ಸಾಕು.

ಸಿಸಿಟಿವಿ ಕ್ಯಾಮೆರಾಗಳು ಅದೇ ಹಾದಿಯಲ್ಲಿ ನ್ಯಾಸ್‌ಗೆ ಚಿತ್ರ ಕಳುಹಿಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೂ ಎಂಟು ಕ್ಯಾಮೆರಾಗಳು 100 ಮೆಗಾಬಿಟ್ ಕೊಂಡಿಯ ಮೂರನೇ ಒಂದು ಭಾಗವನ್ನು ಹಗಲಿರುಳೂ ಆಕ್ರಮಿಸುತ್ತವೆ.

ವೇಗದ ಆಯ್ಕೆಯನ್ನು ಎರಡೂ ಕಡೆ 'ಆಟೋ' ಎಂಬಲ್ಲಿಯೇ ಬಿಡುವುದು ಕ್ಷೇಮ. ಒಂದು ಕಡೆ 100 ಮೆಗಾಬಿಟ್ ಪೂರ್ಣ ದ್ವಿಮುಖ ಸಂಚಾರ ಎಂದು ಕೈಯಾರೆ ನಿಗದಿಪಡಿಸಿ, ಮತ್ತೊಂದು ಕಡೆ ಆಟೋ ಬಿಟ್ಟರೆ, ಆಟೋ ಇರುವ ಕಡೆಯು ಒಂದು ಬಾರಿಗೆ ಒಂದೇ ದಿಕ್ಕಿನ ಸಂಚಾರಕ್ಕೆ ಇಳಿಯುತ್ತದೆ. ಆಗ ದತ್ತಾಂಶ ಡಿಕ್ಕಿ ಹೊಡೆದು ಮತ್ತೆ ಮತ್ತೆ ಕಳುಹಿಸಬೇಕಾಗಿ ವೇಗ ತೀರಾ ಕುಸಿಯುತ್ತದೆ. ಅಂತೆಯೇ 'ಜಂಬೋ ಫ್ರೇಮ್' ಎಂಬ ಆಯ್ಕೆಯನ್ನು ಒಂದೇ ಸಾಧನದಲ್ಲಿ ಚಾಲೂ ಮಾಡಿದರೆ ಸಣ್ಣ ಕಡತಗಳು ಸಾಗಿ ದೊಡ್ಡ ಕಡತಗಳು ನಡುದಾರಿಯಲ್ಲಿ ನಿಲ್ಲಬಹುದು. ಸಣ್ಣ ಕಚೇರಿಗೆ ಎಲ್ಲೆಡೆ 1500 ಎಂಬ ಸಾಮಾನ್ಯ ಅಳತೆಯೇ ಸಾಕು.

ಸಂಪರ್ಕ ಕಡಿತ: ಮೊದಲು ವಿದ್ಯುತ್ತನ್ನು ನೋಡಬೇಕು

ಕಡಿತದ ಪರೀಕ್ಷೆಗೆ 'ಪಿಂಗ್' ಎಂಬ ಆದೇಶ ಉಪಯುಕ್ತ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಪದ, ನ್ಯಾಸ್‌ನ ವಿಳಾಸ, ಕೊನೆಗೆ ಅಡ್ಡಗೆರೆಯೊಡನೆ 'ಟಿ' ಅಕ್ಷರ ಕೊಟ್ಟರೆ, ನಿಲ್ಲಿಸುವವರೆಗೆ ಉತ್ತರಗಳು ಬರುತ್ತಿರುತ್ತವೆ. ಒಂದೇ ಕಚೇರಿಯ ಕೇಬಲ್ ಜಾಲದಲ್ಲಿ ಉತ್ತರವು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನೊಳಗೆ ಬರಬೇಕು. ಎರಡು ಕಿಟಕಿಗಳನ್ನು ತೆರೆದು ಒಂದರಲ್ಲಿ ನ್ಯಾಸ್, ಇನ್ನೊಂದರಲ್ಲಿ ರೂಟರ್‌ನ ವಿಳಾಸ ಕೊಡಬೇಕು. ಎರಡೂ ಒಟ್ಟಿಗೆ ನಿಂತರೆ ಸ್ವಿಚ್ ಅಥವಾ ಆ ಯಂತ್ರದ ಕೇಬಲ್. ನ್ಯಾಸ್ ಮಾತ್ರ ನಿಂತರೆ ನ್ಯಾಸ್ ಅಥವಾ ಅದರ ಕೇಬಲ್. ಪಿಂಗ್ ಕಳುಹಿಸುವುದು ಚಿಕ್ಕ ತುಣುಕುಗಳನ್ನಾದ್ದರಿಂದ, ದೊಡ್ಡ ಕಡತದ ನಕಲು ನಡೆಯುತ್ತಿರುವಾಗಲೇ ಈ ಪರೀಕ್ಷೆ ಮಾಡಿದರೆ ಫಲಿತಾಂಶ ಹೆಚ್ಚು ನಂಬಲರ್ಹ.

ಎಲ್ಲ ಯಂತ್ರಗಳ ಸಂಪರ್ಕವೂ ಒಮ್ಮೆಗೇ ಕಡಿದರೆ ಮೊದಲ ಪ್ರಶ್ನೆ ಇದು: ಸ್ವಿಚ್ ಯು.ಪಿ.ಎಸ್.ಗೆ ಸೇರಿದೆಯೇ? ಗಣಕಯಂತ್ರ ಹಾಗೂ ನ್ಯಾಸ್‌ಗೆ ಯು.ಪಿ.ಎಸ್. ಕೊಟ್ಟು, ಮೂಲೆಯಲ್ಲಿರುವ ಸ್ವಿಚ್‌ನ ಪುಟ್ಟ ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿ ಮರೆಯುವುದು ಸಾಮಾನ್ಯ ತಪ್ಪು. ವಿದ್ಯುತ್ ಒಂದು ಕ್ಷಣ ಹೋಗಿ ಬಂದರೂ ಸ್ವಿಚ್ ಮರುಚಾಲನೆಗೊಳ್ಳುತ್ತದೆ. ಗಣಕಯಂತ್ರಗಳು ಉರಿಯುತ್ತಲೇ ಇರುವುದರಿಂದ ವಿದ್ಯುತ್ತಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ; ಆದರೆ ತೆರೆದಿದ್ದ ಕಡತಗಳೆಲ್ಲ ಅಷ್ಟರಲ್ಲಿ ಕಡಿದುಹೋಗಿರುತ್ತವೆ. ನೋಟುಪುಸ್ತಕದ ಸಮಯಗಳು ವಿದ್ಯುತ್ ಹೋದ ಸಮಯಗಳಿಗೆ ತಾಳೆಯಾದರೆ ಕಲ್ಪಿತ ಮಂಡಿಯ ಎರಡನೆಯ ದೂರಿಗೂ ಉತ್ತರ ದೊರೆಯಿತು. ಸ್ವಿಚ್ ಬಳಸುವ ವಿದ್ಯುತ್ ಅತ್ಯಲ್ಪ. ಅದನ್ನು ಇರುವ ಯು.ಪಿ.ಎಸ್.ಗೆ ಸೇರಿಸಲು ಖರ್ಚೇನೂ ಇಲ್ಲ.

ಅಡಾಪ್ಟರ್ ಹಳೆಯದಾಗಿ ದುರ್ಬಲಗೊಂಡರೂ, ಧೂಳು ತುಂಬಿ ಸ್ವಿಚ್ ಕಾದರೂ ಇಂತಹ ಕಡಿತಗಳಾಗಬಹುದು. ಮಧ್ಯಾಹ್ನ ಮಾತ್ರ ತೊಂದರೆಯಾಗುವುದಾದರೆ ಸ್ವಿಚ್ಚನ್ನು ಗಾಳಿಯಾಡುವ ಜಾಗಕ್ಕೆ ಸರಿಸಿ ನೋಡಬೇಕು. ಒಂದೇ ಕೇಬಲ್‌ನ ಎರಡೂ ತುದಿಗಳನ್ನು ತಿಳಿಯದೆ ಅದೇ ಸ್ವಿಚ್‌ಗೆ ಹಾಕಿದರೆ ದತ್ತಾಂಶ ಸುತ್ತುತ್ತಲೇ ಇದ್ದು ಜಾಲವೆಲ್ಲ ಸ್ತಬ್ಧವಾಗುತ್ತದೆ; ಆಗ ಎಲ್ಲ ದೀಪಗಳೂ ಒಟ್ಟಿಗೆ ಬಿರುಸಾಗಿ ಮಿನುಗುತ್ತವೆ.

ವಿಳಾಸ, ವಿಂಡೋಸ್ ಮತ್ತು ನ್ಯಾಸ್

ವಿದ್ಯುತ್, ಕೇಬಲ್, ಸ್ವಿಚ್ ಮೂರೂ ಸರಿಯಿದ್ದರೆ ಜಾಲದ ವಿಳಾಸವನ್ನು ನೋಡಬೇಕು. ನ್ಯಾಸ್‌ಗೆ ಕೊಟ್ಟ ವಿಳಾಸವನ್ನೇ ರೂಟರ್ ಇನ್ನೊಂದು ಮೊಬೈಲ್‌ಗೋ ಮುದ್ರಣಯಂತ್ರಕ್ಕೋ ಕೊಟ್ಟರೆ ಸಂಪರ್ಕ ಬಂದು ಬಂದು ಹೋಗುತ್ತದೆ. ರೂಟರ್‌ನಲ್ಲಿ ನ್ಯಾಸ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಬೇಕು. ವೈ-ಫೈಗೆಂದು ಎರಡನೆಯ ರೂಟರ್ ಸೇರಿಸಿದ್ದರೆ ಅದರ ವಿಳಾಸ ಹಂಚುವ ಸೌಲಭ್ಯವನ್ನು ನಿಲ್ಲಿಸಬೇಕು.

ಹೊಸ ಗಣಕಯಂತ್ರಕ್ಕೆ ಮಾತ್ರ ಹಳೆಯ ನ್ಯಾಸ್ ಕಾಣದಿದ್ದರೆ ದೋಷ ಸ್ವಿಚ್‌ನದಲ್ಲ. ಕಡತ ಹಂಚಿಕೆಯ ಎಸ್.ಎಂ.ಬಿ. ಪದ್ಧತಿಯ ಮೊದಲ ಆವೃತ್ತಿಯ ದೌರ್ಬಲ್ಯವನ್ನು 2017ರ ಮೇ ತಿಂಗಳ 'ವನ್ನಾಕ್ರೈ' ದಾಳಿ ಬಳಸಿಕೊಂಡಿತ್ತು. ಅದೇ ವರ್ಷದ ಅಕ್ಟೋಬರ್‌ನಿಂದ ವಿಂಡೋಸ್ 10 ಆ ಆವೃತ್ತಿಯನ್ನು ಕೈಬಿಡತೊಡಗಿತು. 2024ರಲ್ಲಿ ಬಂದ ವಿಂಡೋಸ್ 11 ಪ್ರೊ ಪರಿಷ್ಕರಣೆಯು ಸಂಪರ್ಕಕ್ಕೆ ಸಹಿ ಪರಿಶೀಲನೆಯನ್ನು ಕಡ್ಡಾಯಗೊಳಿಸಿ, ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ನಿಲ್ಲಿಸಿತು. ಇದಕ್ಕೆ ಪರಿಹಾರ ನ್ಯಾಸ್‌ನ ತಂತ್ರಾಂಶವನ್ನು ನವೀಕರಿಸಿ ಪ್ರತಿಯೊಬ್ಬರಿಗೂ ಹೆಸರು, ಗುಪ್ತಪದ ಕೊಡುವುದೇ ಹೊರತು, ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿ ಕಳ್ಳನಿಗೆ ಬಾಗಿಲು ತೆರೆದಿಡುವುದಲ್ಲ.

ಬೆಳಿಗ್ಗೆ ಮೊದಲ ಸಲ ಮಾತ್ರ ಕೆಲವು ಸೆಕೆಂಡು ತಡವಾದರೆ ನ್ಯಾಸ್‌ನ ಡಿಸ್ಕ್‌ಗಳು ವಿಶ್ರಾಂತಿಯಿಂದ ಎಚ್ಚರಗೊಳ್ಳುತ್ತಿವೆ ಎಂದರ್ಥ, ಅದು ದೋಷವಲ್ಲ. ಮೇಲಿನ ಎಲ್ಲ ಪರೀಕ್ಷೆಗಳ ಬಳಿಕವೂ ತೊಂದರೆ ಉಳಿದರೆ ನ್ಯಾಸ್‌ನ ನಿರ್ವಹಣಾ ಪುಟದಲ್ಲಿ ಡಿಸ್ಕ್‌ಗಳ ಆರೋಗ್ಯದ ವರದಿಯನ್ನೂ ಉಳಿದಿರುವ ಜಾಗವನ್ನೂ ನೋಡಬೇಕು. ಡಿಸ್ಕ್ ಕೆಡುವ ಸೂಚನೆ ಅಲ್ಲಿದ್ದರೆ ಅಂದೇ ಬದಲಿಸತಕ್ಕದ್ದು, ನಾಳೆಗೆ ಮುಂದೂಡತಕ್ಕದ್ದಲ್ಲ.

ಗೋದಾಮಿನವರೆಗಿನ ಕೇಬಲ್

ಕಚೇರಿಯಿಂದ ಗೋದಾಮಿಗೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದಿರುವ ಕಡೆ ಮತ್ತೊಂದು ಅಪಾಯವಿದೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಇಂತಹ ಕೇಬಲ್ ವಿದ್ಯುತ್ ಆಘಾತವನ್ನು ನೇರವಾಗಿ ಸ್ವಿಚ್‌ಗೆ ತರಬಲ್ಲದು. ಎರಡು ಕಟ್ಟಡಗಳ ನಡುವೆ, ಅದರಲ್ಲಿಯೂ ದೂರ 100 ಮೀಟರ್ ಮೀರಿದಾಗ, ಆಪ್ಟಿಕಲ್ ಫೈಬರ್ ಹಾಕಿ ಎರಡೂ ತುದಿಗಳಿಗೆ ಮೀಡಿಯಾ ಕನ್ವರ್ಟರ್ ಇಡುವುದು ಲೇಸು. ಗಾಜಿನ ಎಳೆಯು ವಿದ್ಯುತ್ತನ್ನು ಸಾಗಿಸುವುದಿಲ್ಲ. ಆದರೆ ಫೈಬರ್‌ಗೆ ಲೋಹದ ಕವಚವಿರಬಾರದು. ಕಾರ್ಖಾನೆಯೊಳಗೆ ಮೋಟಾರಿನ ವಿದ್ಯುತ್ ತಂತಿಗಳ ಪಕ್ಕದಲ್ಲಿಯೇ ಜಾಲದ ಕೇಬಲ್ ಸಾಗದಂತೆ ನೋಡಿಕೊಳ್ಳಬೇಕು. ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು.

ಉಪಸಂಹಾರ

ಪರೀಕ್ಷೆಯ ಅನುಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಮೊದಲು ದತ್ತಾಂಶದ ಪ್ರತಿ, ಬಳಿಕ ಒಂದು ವಾರದ ದಾಖಲೆ, ಬಳಿಕ ನಕಲಿನ ವೇಗದ ಅಳತೆ, ಅನಂತರ ಕೇಬಲ್, ಪೋರ್ಟ್, ಸ್ವಿಚ್‌ನ ವಿದ್ಯುತ್, ವಿಳಾಸ, ವಿಂಡೋಸ್, ಕಟ್ಟಕಡೆಗೆ ನ್ಯಾಸ್. ಬೆಲೆ ಕಡಿಮೆಯಿರುವ ವಸ್ತುವಿನಿಂದ ಬೆಲೆ ಹೆಚ್ಚಿರುವ ವಸ್ತುವಿನ ಕಡೆಗೆ ಸಾಗುವ ಈ ಕ್ರಮದಲ್ಲಿ ಮಾಲೀಕರ ಹಣವೂ ಉಳಿಯುತ್ತದೆ.

ತಂತ್ರಜ್ಞರನ್ನು ಹೊಸದುರ್ಗದಿಂದಲೋ ಚಿತ್ರದುರ್ಗದಿಂದಲೋ ಕರೆಸಬೇಕಾದ ಗ್ರಾಮಾಂತರ ವರ್ತಕರಿಗೆ ಇದರಿಂದ ಮತ್ತೊಂದು ಲಾಭವಿದೆ. 'ಕಂಪ್ಯೂಟರ್ ಸ್ಲೋ ಆಗಿದೆ' ಎಂದಷ್ಟೇ ದೂರವಾಣಿಯಲ್ಲಿ ಹೇಳುವುದರ ಬದಲು, 'ಮೂರನೇ ಪೋರ್ಟ್‌ನ ಯಂತ್ರದಲ್ಲಿ ಮಾತ್ರ ವೇಗ 11, ಕೇಬಲ್ ಬದಲಿಸಿದರೆ 110' ಎಂದು ಹೇಳಬಲ್ಲ ಮಾಲೀಕರಿಗೆ ತಂತ್ರಜ್ಞರು ಮೊದಲ ಭೇಟಿಯಲ್ಲಿಯೇ ಬೇಕಾದ ವಸ್ತುವನ್ನು ತರಬಲ್ಲರು. ಬೇಡದ ವಸ್ತುವನ್ನು ಮಾರಲು ಯಾರಿಗೂ ಸಾಧ್ಯವಾಗದು. ತಕ್ಕಡಿಯ ಮುಳ್ಳನ್ನು ದಿನವೂ ನೋಡಿ ವ್ಯಾಪಾರ ಮಾಡುವ ವರ್ತಕರಿಗೆ ತಮ್ಮ ಜಾಲವನ್ನು ಅಳೆದು ನೋಡುವುದು ಕಷ್ಟದ ವಿದ್ಯೆಯೇನಲ್ಲ.